ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆ

ಚದುರಂಗದ ಮಣೆಯ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋಗುವ ಕಥೆಯನ್ನು ಶ್ರೋತೃಗಳೆಲ್ಲರೂ ಬಲ್ಲರು. ಮಣೆಯಲ್ಲಿರುವುದು 64 ಮನೆಗಳು. ಅದಕ್ಕೆ ಇನ್ನು ಮೂರು ಮನೆಗಳನ್ನು ಸೇರಿಸಿ, 67 ಮನೆಗಳ ಕಾಳುಗಳನ್ನೂ ಒಟ್ಟುಗೂಡಿಸಿದರೆ ಬರುವ ಮೊತ್ತವೇ ಇಂದಿನ ಭಾಷಣದ ವಿಷಯವು: 147573952589676412927. ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಗುಣಲಬ್ಧದಿಂದ ಒಂದನ್ನು ಕಳೆದರೂ ಇದೇ ದೊರೆಯುತ್ತದೆ.

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯು ಅವಿಭಾಜ್ಯವೆನಿಸುವುದು. ಮೂರು ಮನೆಗಳ ಮೊತ್ತವಾದ 7, ಐದು ಮನೆಗಳ 31, ಏಳು ಮನೆಗಳ 127, ಇವೆಲ್ಲವೂ ಅವಿಭಾಜ್ಯಗಳೇ. ಫ್ರಾನ್ಸಿನ ಪಾದ್ರಿ ಮೆರ್ಸೆನ್ನನು 1644ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹವುಗಳ ಪಟ್ಟಿಯೊಂದನ್ನು ಕೊಟ್ಟು, ನಮ್ಮ ಸಂಖ್ಯೆಯನ್ನೂ ಅದರಲ್ಲಿ ಸೇರಿಸಿದನು. ಎರಡು ಶತಮಾನಗಳಿಗೂ ಮೀರಿ ಆ ಮಾತು ಹಾಗೆಯೇ ಉಳಿಯಿತು.

1876ರಲ್ಲಿ ಫ್ರಾನ್ಸಿನವನೇ ಆದ ಲ್ಯೂಕಾ ಎಂಬ ಗಣಿತಜ್ಞನು ಅದು ಅವಿಭಾಜ್ಯವಲ್ಲವೆಂದು ತೋರಿಸಿದನು. ಅವನ ಪರೀಕ್ಷೆಯ ಈಗಿನ ಸರಳರೂಪವು ಹೀಗಿದೆ: 4ರಿಂದ ಹೊರಟು, ಅದರ ವರ್ಗದಿಂದ 2ನ್ನು ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಹಿಡಿಯಬೇಕು, ಆ ಶೇಷಕ್ಕೂ ಅದೇ ಕ್ರಿಯೆಯನ್ನು ಮಾಡಬೇಕು. 7ಕ್ಕೆ ಒಂದೇ ಸಲ ಸಾಕು: 4ರ ವರ್ಗ 16, ಎರಡನ್ನು ಕಳೆದರೆ 14, ಶೇಷ ಸೊನ್ನೆ, ಆದುದರಿಂದ 7 ಅವಿಭಾಜ್ಯ. ನಮ್ಮ ಸಂಖ್ಯೆಗೆ 65 ಸಲ ಮಾಡಬೇಕು. ಕಡೆಗೆ ಸೊನ್ನೆ ಬರುವುದಿಲ್ಲ. ಅಂದಮೇಲೆ ಅದು ಒಡೆಯುವುದು ನಿಶ್ಚಯ. ಆದರೆ ಎಲ್ಲಿ ಒಡೆಯುವುದೆಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ!

ಅದನ್ನು ಹೇಳಿದವನು ಅಮೆರಿಕದ ಕೋಲ್ ಎಂಬ ಪ್ರಾಧ್ಯಾಪಕನು. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತಸಭೆಯಲ್ಲಿ ಅವನು ಮಾತನಾಡದೆ ಕರಿಹಲಗೆಯ ಬಳಿಗೆ ನಡೆದು, ಒಂದು ಕಡೆ ಎರಡರ ಘಾತವನ್ನು ಬೆಳೆಸಿ ಒಂದನ್ನು ಕಳೆದು, ಇನ್ನೊಂದು ಕಡೆ 193707721ನ್ನು 761838257287ರಿಂದ ಗುಣಿಸಿ, ಎರಡು ಉತ್ತರಗಳೂ ಒಂದೇ ಎಂಬುದನ್ನು ತೋರಿಸಿ, ಮೌನವಾಗಿಯೇ ಹೋಗಿ ಕುಳಿತನೆಂದೂ, ಸಭೆಯು ಕರತಾಡನ ಮಾಡಿತೆಂದೂ ಹೇಳುವರು. ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದುವೆಂಬ ಮಾತೂ ಪ್ರಚಾರದಲ್ಲಿದೆ. ಈ ಸಂಖ್ಯೆಯ ಯಾವ ಅಪವರ್ತನವನ್ನಾದರೂ 134ರಿಂದ ಭಾಗಿಸಿದರೆ ಶೇಷ 1 ಬರಲೇಬೇಕೆಂಬ ನಿಯಮವುಂಟು. ಅದು ಹುಡುಕಾಟವನ್ನು ಬಹಳವಾಗಿ ಕುಗ್ಗಿಸುತ್ತದೆ. ಆದರೂ ಉಳಿಯುವ ಶ್ರಮವು ಅಲ್ಪವಲ್ಲ.

ಗುಣಿಸುವುದು ಒಂದು ಗಳಿಗೆಯ ಕೆಲಸ. ಗುಣಲಬ್ಧವನ್ನು ಮತ್ತೆ ಬಿಡಿಸುವುದು ವರ್ಷಗಳ ಕೆಲಸ. ಕೋಲನ ಸಂಖ್ಯೆಯನ್ನು ಇಂದಿನ ಗಣಕಯಂತ್ರವು ಕ್ಷಣದಲ್ಲಿ ಬಿಡಿಸುತ್ತದೆ. ಆದರೆ ತಕ್ಕಂತೆ ಆರಿಸಿದ ನೂರಾರು ಅಂಕಿಗಳ ಸಂಖ್ಯೆಯ ಮುಂದೆ ಆ ಯಂತ್ರವೂ ಸೋಲುವುದು. 1977ರಲ್ಲಿ ರಚಿತವಾದ ಆರ್‌ಎಸ್‌ಎ ಎಂಬ ಗುಪ್ತಲಿಪಿಯ ಕ್ರಮವು ಈ ಸೋಲನ್ನೇ ಬೀಗವಾಗಿ ಮಾಡಿಕೊಂಡಿದೆ.

ಬಿಡುವಿದ್ದಾಗ ಶ್ರೋತೃಗಳು ಕಾಗದ ಪೆನ್ಸಿಲುಗಳನ್ನು ಹಿಡಿದು ಆ ಎರಡು ಸಂಖ್ಯೆಗಳನ್ನು ಗುಣಿಸಿ ನೋಡಬಹುದು. ಕೋಲನು ಹೇಳಿದನೆಂದು ನಂಬಬೇಕಾದುದಿಲ್ಲ. ಮೆರ್ಸೆನ್ನನು ಹೇಳಿದನೆಂದು ನಂಬಿದುದರ ಫಲವನ್ನಂತೂ ಕಂಡೆವಷ್ಟೆ.