ಗರಡಿಯ ಸಾಮು ಮತ್ತು ನರಮಂಡಲದ ಉರಿಯೂತ: ಒಂದು ಜಾನಪದೀಯ ವಿವೇಚನೆ

ದುಡಿದ ದೇಹ ರೋಗಕ್ಕೆ ಎಡೆಗೊಡದು ಎಂಬ ನಂಬಿಕೆ ನಮ್ಮ ಗರಡಿ ಪರಂಪರೆಯ ತಳಹದಿ. ನರಮಂಡಲದ ಉರಿಯೂತದ ವಿಷಯದಲ್ಲಿ ಈ ನಂಬಿಕೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಹಳೆಯ ಬೆಂಗಳೂರಿನ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕುಗಳನ್ನು ಆರೋಗ್ಯದ ಆಧಾರವೆಂದು ಬಗೆದ ಬಡಾವಣೆಗಳು. ಪಕ್ಕದ ಪೇಟೆಯ ಗರಡಿಮನೆಗಳ ದೃಷ್ಟಿಯೇ ಬೇರೆ: ದಪ್ಪ ಗೋಡೆ, ತಗ್ಗಿನ ಬಾಗಿಲು, ತಂಪಾದ ಕೆಮ್ಮಣ್ಣಿನ ಮಟ್ಟಿ, ನಸುಕಿನಲ್ಲೇ ದಂಡ, ಬಸ್ಕಿ, ಗದೆ. ಈ ಎರಡು ಲೋಕಗಳನ್ನು ಬೆಸೆದವರಲ್ಲಿ ಕೆ.ವಿ. ಅಯ್ಯರ್ (1897–1980) ಪ್ರಮುಖರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾದ ಅವರು ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವಿಕೆಯೊಂದಿಗೆ ಸೂರ್ಯನಮಸ್ಕಾರ, ಆಸನಗಳನ್ನೂ ಕಲಿಸಿದರು.

ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಸೆಳೆತ ಇವೆಲ್ಲವೂ ಜನಪದರ ಮಾತಿನಲ್ಲಿ ‘ವಾಯು’ ಇಲ್ಲವೆ ‘ನರದ ದೋಷ’. ಇಂಥ ಲಕ್ಷಣಗಳ ಹಿಂದೆ ಇರಬಹುದಾದ ರೋಗಗಳಲ್ಲೊಂದು ಮಲ್ಟಿಪಲ್ ಸ್ಕ್ಲೆರೋಸಿಸ್. ಇದರಲ್ಲಿ ದೇಹದ ರಕ್ಷಣಾ ಕಣಗಳು ದಾರಿತಪ್ಪಿ, ಮಿದುಳು ಮತ್ತು ಬೆನ್ನುಹುರಿಯ ನರತಂತುಗಳನ್ನು ಸುತ್ತಿದ ಮಯಲಿನ್ ಎಂಬ ಹೊದಿಕೆಯ ಮೇಲೆಯೇ ಎರಗುತ್ತವೆ. ಹೊದಿಕೆ ಹರಿದಲ್ಲಿ ಸಂದೇಶ ಕುಂಠಿತವಾಗುತ್ತದೆ.

ಇಂಥ ರೋಗಿಗಳಿಗೆ ಬಹುಕಾಲ ವಿಶ್ರಾಂತಿಯನ್ನೇ ವಿಧಿಸಲಾಗುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಶ್ರಮದ ನಂತರ ರೋಗಿಯ ದೃಷ್ಟಿ ಮಸುಕಾಗುವುದನ್ನು ಜರ್ಮನಿಯ ನೇತ್ರತಜ್ಞ ಊಟ್ಹಾಫ್ 1890ರಲ್ಲಿ ದಾಖಲಿಸಿದ್ದರು. ಅದು ಮೈಬಿಸಿ ಏರುವುದರಿಂದ ಆಗುವ ತಾತ್ಕಾಲಿಕ ತೊಂದರೆಯೇ ಹೊರತು ರೋಗದ ಉಲ್ಬಣವಲ್ಲ ಎಂಬುದು ಅನಂತರ ಸ್ಪಷ್ಟವಾಯಿತು. 1996ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 15 ವಾರಗಳ ಕ್ರಮಬದ್ಧ ವ್ಯಾಯಾಮದಿಂದ ರೋಗಿಗಳ ದೇಹಶಕ್ತಿ ಮತ್ತು ಜೀವನಮಟ್ಟ ಸುಧಾರಿಸಿದವು. ಈ ರೋಗವನ್ನು ಹೋಲುವ ಉರಿಯೂತವನ್ನು ಇಲಿಗಳಲ್ಲಿ ಉಂಟುಮಾಡಿ ನಡೆಸಿದ ಅಧ್ಯಯನಗಳು ಇನ್ನೂ ಆಳಕ್ಕಿಳಿದಿವೆ. ಓಡಿ ಪಳಗಿದ ಇಲಿಗಳಿಂದ ತೆಗೆದ ರಕ್ಷಣಾ ಕಣಗಳನ್ನು ಬೇರೆ ಇಲಿಗಳಿಗೆ ವರ್ಗಾಯಿಸಿದಾಗ ರೋಗ ಸೌಮ್ಯವಾಗಿ ಕಾಣಿಸಿಕೊಂಡಿತು. ವ್ಯಾಯಾಮವು ನರವನ್ನು ನೇರವಾಗಿ ಕಾಯುವುದಕ್ಕಿಂತ ದಾಳಿಕೋರ ಕಣಗಳ ಉಗ್ರತೆಯನ್ನು ತಗ್ಗಿಸುತ್ತದೆ ಎಂಬ ಊಹೆಗೆ ಇದು ಬಲ ನೀಡುತ್ತದೆ. ಆದರೆ ಇಲಿಯಲ್ಲಿ ಕಂಡದ್ದೆಲ್ಲವೂ ಮನುಷ್ಯನಿಗೆ ಅನ್ವಯಿಸಬೇಕೆಂದಿಲ್ಲ.

ಇಲ್ಲಿ ಜಾನಪದ ವಿದ್ವಾಂಸರು ಎಚ್ಚರ ವಹಿಸಬೇಕು. ಗರಡಿಯ ಉಸ್ತಾದರಿಗೆ ಮಯಲಿನ್ ಗೊತ್ತಿತ್ತೆಂದು ಸಾಧಿಸಹೊರಡುವುದು ಪರಂಪರೆಗೆ ಮಾಡುವ ಗೌರವವಲ್ಲ. ಗರಡಿ ರೂಪುಗೊಂಡದ್ದು ಗಟ್ಟಿಮುಟ್ಟಾದ ಯುವಕರ ಕುಸ್ತಿಗಾಗಿ, ರೋಗಿಗಳ ಚಿಕಿತ್ಸೆಗಾಗಿ ಅಲ್ಲ. ಆದರೂ ನಸುಕಿನ ತಂಪು, ದಿನಕ್ಕಿಷ್ಟೇ ಎಂಬ ಲೆಕ್ಕ, ಮೆಲ್ಲಮೆಲ್ಲನೆ ಏರುವ ಸಾಮು, ಗುರುವಿನ ಕಣ್ಗಾವಲು ಎಂಬ ಅದರ ನಾಲ್ಕು ಕಟ್ಟಲೆಗಳು ಇಂದಿನ ನರರೋಗ ಪುನಶ್ಚೇತನದ ಸಲಹೆಗಳಿಗೆ ಹತ್ತಿರವಾಗಿವೆ ಎಂಬುದು ಗಮನಾರ್ಹ.

‘ವಾಯು’ ಎಂದು ತೈಲ ತಿಕ್ಕಿಸುತ್ತ ಕಾಲ ಕಳೆಯುವ ರೋಗಿ, ಹೊದಿಕೆ ಉಳಿಸಿಕೊಳ್ಳಬಹುದಾದ ಅಮೂಲ್ಯ ತಿಂಗಳುಗಳನ್ನು ಕಳೆದುಕೊಳ್ಳುತ್ತಾನೆ. ಮೊದಲು ರೋಗನಿರ್ಣಯ, ಬಳಿಕ ಔಷಧಿ, ಅದರ ಜೊತೆಗೆ ವ್ಯಾಯಾಮ. ಈ ಕ್ರಮ ತಪ್ಪದಿದ್ದರೆ ಗರಡಿಯ ಶಿಸ್ತು ಔಷಧಕ್ಕೆ ಪೂರಕವಾಗಬಲ್ಲದು. ಅದರ ಸ್ಥಾನವನ್ನು ಮಾತ್ರ ತುಂಬಲಾರದು.