ಗಟ್ಟಿಯಾದರೂ ಒಡೆಯದ ದನಿ

ನಮ್ಮಜ್ಜನ ಮನೆಯ ವಾಲ್ವ್ ರೇಡಿಯೊ ಕಿವಿ ಹಿಂಡಿದ ತಕ್ಷಣ ಮಾತಾಡುತ್ತಿರಲಿಲ್ಲ. ಹಿಂಬದಿಯ ತೂತುಗಳಿಂದ ಇಣುಕಿದರೆ ಗಾಜಿನ ಬುರುಡೆಯೊಳಗೆ ಕೆಂಡದಂಥ ಎಳೆಯೊಂದು ನಿಧಾನವಾಗಿ ಕೆಂಪೇರುವುದು ಕಾಣುತ್ತಿತ್ತು. ಬಿಸಿಯಾದ ದೂಳಿನ ವಾಸನೆ, ಆಮೇಲೆ ಗುಂಯ್ ಎನ್ನುವ ಸದ್ದು, ಆಮೇಲೆ ಪ್ರದೇಶ ಸಮಾಚಾರ. ಅಂಗಳದಲ್ಲಿದ್ದವರಿಗೂ ಕೇಳಲಿ ಎಂದು ವಾಲ್ಯೂಮ್ ಮುಕ್ಕಾಲು ದಾಟಿಸಿದರೆ ಓದುವವರ ದನಿ ಒಡೆದು ಗೊರಗುಟ್ಟುತ್ತಿತ್ತು. ದನಿ ಗಟ್ಟಿಯಾಗಬೇಕು, ಒಡೆಯಲೂ ಬಾರದು. ಇವೆರಡನ್ನೂ ಒಟ್ಟಿಗೆ ಸಾಧಿಸಲು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ರೇಡಿಯೊ ರಿಪೇರಿಯವರು ಮತ್ತು ಒಬ್ಬ ಗಿಟಾರ್ ವಾದಕರು ಪಟ್ಟ ಪಾಡು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ರಿಪೇರಿಯವರ ಹೆಸರು ಲಿಯೊ ಫೆಂಡರ್. 1938ರಲ್ಲಿ ಫುಲ್ಲರ್ಟನ್ ಊರಿನಲ್ಲಿ ರೇಡಿಯೊ ಅಂಗಡಿ ತೆರೆದವರು, ಮುಂದೆ ಜಗತ್ತಿನ ಅತಿ ಹೆಸರಾದ ಎಲೆಕ್ಟ್ರಿಕ್ ಗಿಟಾರುಗಳನ್ನೂ ಆಂಪ್ಲಿಫೈಯರುಗಳನ್ನೂ ಮಾಡಿದರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಹಾಗಾಗಿ ವಾದಕರ ದೂರನ್ನು ಕಿವಿಗೊಟ್ಟು ಕೇಳುತ್ತಿದ್ದರು.

ಅತಿ ದೊಡ್ಡ ದೂರು ತಂದವರು ಡಿಕ್ ಡೇಲ್. ಇವರು ಹುಟ್ಟಿದ್ದು 1937ರಲ್ಲಿ ಬಾಸ್ಟನ್ನಿನಲ್ಲಿ, ತಂದೆಯ ಮೂಲ ಲೆಬನಾನ್. ಚಿಕ್ಕಂದಿನಲ್ಲೇ ಅರಬ್ ತಾಳವಾದ್ಯ ಕಲಿತವರು, ಅದರ ಓಟವನ್ನೇ ಗಿಟಾರಿಗೆ ತಂದರು. ಎಡಗೈಯವರಾದ್ದರಿಂದ ಬಲಗೈ ಗಿಟಾರನ್ನೇ ತಿರುಗಿಸಿ ಹಿಡಿದು, ತಂತಿಗಳ ಕ್ರಮ ಬದಲಿಸದೆ ನುಡಿಸುತ್ತಿದ್ದರು. ಅವರ ತಂತಿಗಳೂ ಬೇರೆಯವರಿಗಿಂತ ಬಹಳ ದಪ್ಪ, ಮೀಟುವ ರಭಸವೂ ಹಾಗೇ. 1961ರ ಸುಮಾರಿಗೆ ಬಾಲ್ಬೋವಾ ಕಡಲತೀರದ ರಾಂಡೆವೂ ಬಾಲ್‌ರೂಮಿನಲ್ಲಿ ಅವರ ವಾದನಕ್ಕೆ ಸಾವಿರಾರು ಹುಡುಗ ಹುಡುಗಿಯರು ಕುಣಿಯುತ್ತಿದ್ದರು. ಅಷ್ಟು ಜನರ ಮೈ ಸದ್ದನ್ನು ಹತ್ತಿಯಂತೆ ಹೀರಿಕೊಳ್ಳುತ್ತದೆ.

ಡೇಲ್ ಬದುಕಿದ್ದಷ್ಟು ದಿನ ಹೇಳುತ್ತಿದ್ದ ಕತೆ ಇದು: ಲಿಯೊ ಕೊಟ್ಟ ನಲವತ್ತಕ್ಕೂ ಹೆಚ್ಚು ಆಂಪ್ಲಿಫೈಯರುಗಳನ್ನು ಅವರು ಸುಟ್ಟು ಹಾಕಿದರು. ಸ್ಪೀಕರ್ ಹರಿಯಿತು, ಕೆಲವಕ್ಕೆ ಬೆಂಕಿಯೂ ಹತ್ತಿತು. ಇವರಿಗೆ ಅಷ್ಟು ಸದ್ದು ಯಾಕೆ ಬೇಕು ಎಂದು ಲಿಯೊಗೆ ತಿಳಿಯದು. ಕೊನೆಗೆ ಸಹಾಯಕ ಫ್ರೆಡ್ಡಿ ತವಾರೆಸ್ ಜೊತೆ ತಾವೇ ಹೋಗಿ, ಆ ಜನಜಂಗುಳಿಯ ನಡುವೆ ನಿಂತು ಕೇಳಿದರು. ಕಾರ್ಯಾಗಾರದ ಮೇಜಿನ ಮೇಲೆ ಕಿವಿ ತುಂಬುತ್ತಿದ್ದ ಸದ್ದು ಅಲ್ಲಿ ಎಲ್ಲೋ ಕಳೆದುಹೋಗುತ್ತಿತ್ತು. ತಯಾರಿಸಿದವರು ಬಳಸುವವರ ಜಾಗಕ್ಕೆ ಹೋಗಿ ನಿಂತ ಆ ಸಂಜೆಯೇ ಇಡೀ ಕತೆಯಲ್ಲಿ ನನಗೆ ಪ್ರಿಯವಾದ ಭಾಗ.

ಆಮೇಲೆ ಲಿಯೊ ಮಾಡಿದ ಮುಖ್ಯ ಕೆಲಸ ಟ್ರಾನ್ಸ್‌ಫಾರ್ಮರನ್ನು ದೊಡ್ಡದು ಮಾಡಿದ್ದು. ಗಿಟಾರಿನಿಂದ ಬರುವ ಅಲೆ ವಾಲ್ವಿನೊಳಗೆ ಏರುತ್ತಾ ಹೋಗಿ ವಿದ್ಯುತ್ತಿನ ಮಿತಿ ಮುಟ್ಟಿದಾಗ ಅದರ ತಲೆ ಚಪ್ಪಟೆಯಾಗುತ್ತದೆ. ನಾವು ಒಡಕು ದನಿ ಎನ್ನುವುದು ಅದನ್ನೇ. ಸೂರು ಎತ್ತರಿಸಿದರೆ ತಲೆ ತಾಗುವುದಿಲ್ಲ. ಆದರೆ ಕಿವಿ ಸುಲಭಕ್ಕೆ ಒಪ್ಪುವುದಿಲ್ಲ: ಸದ್ದು ಎರಡರಷ್ಟು ಅನ್ನಿಸಬೇಕಾದರೆ ಶಕ್ತಿ ಹೆಚ್ಚುಕಡಿಮೆ ಹತ್ತರಷ್ಟು ಆಗಬೇಕು. ಅದಕ್ಕೇ ನಾಲ್ಕು 6ಎಲ್6 ವಾಲ್ವುಗಳು, 85 ವಾಟ್, ಎತ್ತಲು ಎರಡು ಕೈ ಬೇಕಾಗುವಷ್ಟು ಕಬ್ಬಿಣ. ಮಂದ್ರಸ್ವರಗಳೇ ಹೆಚ್ಚು ಶಕ್ತಿ ನುಂಗುತ್ತವೆ, ಸಣ್ಣ ಟ್ರಾನ್ಸ್‌ಫಾರ್ಮರ್ ಅಲ್ಲೇ ಸೋಲುತ್ತದೆ. ಆ ಪೆಟ್ಟಿಗೆಯ ಹೆಸರು ಶೋಮ್ಯಾನ್. ಅದರ ಹೊಡೆತ ತಾಳಲು ಜೆಬಿಎಲ್ ಕಂಪನಿಯ 15 ಇಂಚಿನ ಡಿ130ಎಫ್ ಸ್ಪೀಕರ್ ಬಂತು. ಅದೂ ಡೇಲ್ ಕೈಯಲ್ಲಿ ಸಾಲದಾಗಿ, ಒಂದೇ ಪೆಟ್ಟಿಗೆಯಲ್ಲಿ ಎರಡನ್ನು ಕೂರಿಸಿದರು. 1962ರಲ್ಲಿ ಬಂದ ಅವರ ‘ಮಿಸಿರ್ಲೂ’ ಕೇಳಿ ನೋಡಿ. ಅಷ್ಟು ವೇಗದಲ್ಲೂ ಒಂದು ಮೀಟು ಇನ್ನೊಂದಕ್ಕೆ ಅಂಟುವುದಿಲ್ಲ.

1963ರಲ್ಲಿ ಬಂದ ಟ್ವಿನ್ ರಿವರ್ಬ್ ಆಂಪ್ಲಿಫೈಯರ್ ಇದೇ ಬಳಗದ್ದು. ಎರಡು 12 ಇಂಚಿನ ಸ್ಪೀಕರ್, ಹತ್ತಿರ ಹತ್ತಿರ 30 ಕಿಲೋ ತೂಕ. ಪವರ್ ಸಪ್ಲೈಯಲ್ಲಿ ವಾಲ್ವಿನ ಬದಲು ಸಿಲಿಕಾನ್ ಡಯೋಡ್ ಇರುವುದರಿಂದ ಜೋರಾಗಿ ಮೀಟಿದಾಗ ವೋಲ್ಟೇಜ್ ಅಷ್ಟಾಗಿ ಕುಸಿಯುವುದಿಲ್ಲ.

ಸಣ್ಣ ಆಂಪ್ಲಿಫೈಯರ್ ಇರುವವರಿಗೂ ದಾರಿಗಳಿವೆ. ಬಾಸ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಉಳಿದ ಶಕ್ತಿ ಮೇಲಿನ ಸ್ವರಗಳಿಗೆ ಸಿಗುತ್ತದೆ. ಮೊದಲ ಹಂತದ 12ಎಎಕ್ಸ್7 ವಾಲ್ವ್ ತೆಗೆದು ವರ್ಧನೆ ಕಡಿಮೆಯಿರುವ 12ಎಟಿ7 ಹಾಕಿದರೆ ಒಡಕು ತಡವಾಗಿ ಬರುತ್ತದೆ. ಇನ್ನೊಂದು ದಾರಿ ಸ್ಪೀಕರ್: ಮೂರು ಡೆಸಿಬೆಲ್ ಹೆಚ್ಚು ದಕ್ಷತೆಯ ಸ್ಪೀಕರ್ ಜೋಡಿಸುವುದೂ ಒಂದೇ, ವಾಟ್ ಎರಡರಷ್ಟು ಮಾಡುವುದೂ ಒಂದೇ.

ಈಗ ವೇದಿಕೆಯಲ್ಲಿ ಸಣ್ಣ ಆಂಪ್ಲಿಫೈಯರಿನ ಮುಂದೆ ಮೈಕ್ ಇಟ್ಟರೆ ಮುಗಿಯಿತು, ಸಭಾಂಗಣದ ಸ್ಪೀಕರುಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. 30 ಕಿಲೋ ಹೊರಲು ಯಾರಿಗೂ ಮನಸ್ಸಿಲ್ಲ, ಅದು ತಪ್ಪೂ ಅಲ್ಲ. ಒಡಕು ದನಿಯನ್ನು ಆರಾಧಿಸಿದವರು ಬಹಳ. ಒಡೆಯದ ದನಿಗೆ ದುಡಿದವರನ್ನು ನೆನೆಯುವವರು ಕಡಿಮೆ. ರಾಂಡೆವೂ ಬಾಲ್‌ರೂಮ್ 1966ರಲ್ಲಿ ಸುಟ್ಟುಹೋಯಿತು. ಲಿಯೊ 1991ರಲ್ಲಿ, ಡೇಲ್ 2019ರಲ್ಲಿ ತೀರಿಕೊಂಡರು. ವಾಲ್ವ್ ತಯಾರಿಸುವ ಕಾರ್ಖಾನೆಗಳು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಒಂದು ಕಾಲದಲ್ಲಿ ಅಂಥ ಕಾರ್ಖಾನೆ ನಮ್ಮ ಜಾಲಹಳ್ಳಿಯಲ್ಲೂ ಇತ್ತು. 1960ರ ದಶಕದಲ್ಲಿ ಅಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಕಂಪನಿ ರೇಡಿಯೊಗಳಿಗೆಂದು ಮಾಡುತ್ತಿದ್ದ ವಾಲ್ವುಗಳಲ್ಲಿ ಇಎಲ್84 ಕೂಡ ಸೇರಿತ್ತು. ಬ್ರಿಟನ್ನಿನ ಹೆಸರಾಂತ ವಾಕ್ಸ್ ಎಸಿ30 ಆಂಪ್ಲಿಫೈಯರ್ ನಡೆಯುವುದು ಅದೇ ಜಾತಿಯ ನಾಲ್ಕು ವಾಲ್ವುಗಳ ಮೇಲೆ. ಅಳಿದುಳಿದ ಬಿಇಎಲ್ ವಾಲ್ವುಗಳನ್ನು ಹೊರದೇಶದ ಗಿಟಾರ್ ವಾದಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಿಮ್ಮ ಅಟ್ಟದ ಮೇಲೆ ಹಳೆಯ ರೇಡಿಯೊ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಳಗಿನ ಕೆಪಾಸಿಟರುಗಳು ಆಫ್ ಮಾಡಿದ ಮೇಲೂ ಜೋರಾಗಿ ಹೊಡೆಯಬಲ್ಲವು, ಹಾಗಾಗಿ ಬಿಚ್ಚುವ ಕೆಲಸ ತಿಳಿದವರಿಗೇ ಇರಲಿ. ಗಾಜಿನ ಮೇಲಿನ ಅಕ್ಷರ ಮಾತ್ರ ಅವರಿಂದ ಓದಿಸಿಕೊಳ್ಳಿ.