ಚಾಗಸ್ ನಮ್ಮಲ್ಲಿಲ್ಲ, ಸರ್ರಾ ಇದೆ

ದಕ್ಷಿಣ ಅಮೆರಿಕದ ಹಳ್ಳಿಗಳಲ್ಲಿ ಒಂದು ಜಾತಿಯ ದೊಡ್ಡ ತಿಗಣೆ ಇದೆ. ಹಗಲೆಲ್ಲ ಮಣ್ಣಿನ ಗೋಡೆಯ ಬಿರುಕಿನಲ್ಲಿ ಅಡಗಿದ್ದು, ದೀಪ ಆರಿದ ಮೇಲೆ ಹೊರಬಂದು, ಮಲಗಿದವರ ಮುಖ ಕಚ್ಚುತ್ತದೆ. ರಕ್ತ ಹೀರುತ್ತ ಹೀರುತ್ತಲೇ ಅಲ್ಲೇ ಹಿಕ್ಕೆ ಹಾಕುತ್ತದೆ. ರೋಗ ಇರುವುದು ಕಡಿತದಲ್ಲಲ್ಲ, ಆ ಹಿಕ್ಕೆಯಲ್ಲಿ. ನಿದ್ದೆಗಣ್ಣಿನಲ್ಲಿ ತುರಿಸಿಕೊಂಡಾಗ ಅದು ಗಾಯದೊಳಕ್ಕೋ ಕಣ್ಣಿಗೋ ಸೇರಿ, ಟ್ರಿಪನೊಸೋಮಾ ಕ್ರೂಜಿ ಎಂಬ ಕಣ್ಣಿಗೆ ಕಾಣದ ಪರಾವಲಂಬಿ ಮೈ ಹೊಗುತ್ತದೆ. ಇದನ್ನು 1909ರಲ್ಲಿ ಕಂಡುಹಿಡಿದವರು ಬ್ರೆಜಿಲ್‌ನ ವೈದ್ಯ ಕಾರ್ಲೊಸ್ ಚಾಗಸ್. ಅವರ ಹೆಸರೇ ರೋಗಕ್ಕೂ ನಿಂತಿತು. ಮನೆಯೊಳಗೆ ಮಲಗುವ ನಾಯಿಗೂ ತಿಗಣೆ ಕಚ್ಚುತ್ತದೆ, ನಾಯಿ ತಿಗಣೆಯನ್ನೇ ತಿಂದೂ ಸೋಂಕು ತಗುಲಿಸಿಕೊಳ್ಳುತ್ತದೆ. ಆಮೇಲೆ ಅದರ ರಕ್ತ ಕುಡಿದ ಹೊಸ ತಿಗಣೆಗಳೆಲ್ಲ ರೋಗವಾಹಕಗಳಾಗುತ್ತವೆ. ಮನುಷ್ಯನಲ್ಲಿ ಪರಾವಲಂಬಿ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಹಲವರಲ್ಲಿ ಕೊನೆಗೆ ಹೃದಯವನ್ನೇ ಕೆಡಿಸುತ್ತದೆ.

ಇತ್ತ ಕರ್ನಾಟಕದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮಣ್ಣಿನ ಗೋಡೆಗಳು ಇನ್ನೂ ಇವೆ, ಪ್ರತಿ ಹಟ್ಟಿಯಲ್ಲೂ ನಾಯಿಗಳಿವೆ. ಆ ತಿಗಣೆಯ ಕುಲದ್ದೇ ಆದ ಲಿನ್ಶ್‌ಕೋಸ್ಟಿಯಸ್ ಎಂಬ ಗುಂಪು ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಆದರೂ ಚಾಗಸ್‌ನ ಪರಾವಲಂಬಿ ನಮ್ಮ ಕೀಟಗಳಲ್ಲಿ ಹರಿದಾಡುತ್ತಿಲ್ಲ. ಆ ಭಯ ಬೇಡ. ನಾವು ಅರಿತಿರಬೇಕಾದದ್ದು ಅದರ ದಾಯಾದಿಯನ್ನು. ಹೆಸರು ಟ್ರಿಪನೊಸೋಮಾ ಇವಾನ್ಸಿ, ಅದು ತರುವ ರೋಗ ಸರ್ರಾ. ಕರ್ನಾಟಕದ ದನ, ಎಮ್ಮೆ, ಕುದುರೆ, ನಾಯಿಗಳಲ್ಲಿ ಇದು ಹಳೆಯ ರೋಗ. ಯಲಹಂಕದಲ್ಲಿರುವ ಕೇಂದ್ರದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ ಇದನ್ನು ಪತ್ತೆ ಹಚ್ಚುವ ರಕ್ತಪರೀಕ್ಷೆಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಹಾಗಿದ್ದರೂ ಹಳ್ಳಿಯಲ್ಲಿ ಸರ್ರಾ ಎಂಬ ಹೆಸರು ಕೇಳಿದವರು ಕಡಿಮೆ.

ರೋಗಕಾರಕ ಟ್ರಿಪನೊಸೋಮಾವೊಂದನ್ನು ಜಗತ್ತು ಮೊದಲು ಕಂಡದ್ದೇ ಅವಿಭಜಿತ ಭಾರತದಲ್ಲಿ. 1880ರಲ್ಲಿ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಸೈನ್ಯದ ಕುದುರೆಗಳೂ ಒಂಟೆಗಳೂ ಸೊರಗಿ ಸಾಯುತ್ತಿದ್ದಾಗ, ಪಶುವೈದ್ಯ ಗ್ರಿಫಿತ್ ಇವಾನ್ಸ್ ಅವುಗಳ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ರಕ್ತಕಣಗಳ ನಡುವೆ ಮಿಸುಕಾಡುವ ಜೀವಿಯನ್ನು ಗುರುತಿಸಿದರು. ಇದರ ಮೂಲ ಮಾತ್ರ ಆಫ್ರಿಕ. ಅಲ್ಲಿನ ನಿದ್ರಾರೋಗದ ಪರಾವಲಂಬಿ ತ್ಸೆತ್ಸೆ ನೊಣದ ಹೊಟ್ಟೆಯಲ್ಲಿ ಬೆಳೆದೇ ಮುಂದೆ ಹೋಗಬೇಕು. ಆದ್ದರಿಂದ ತ್ಸೆತ್ಸೆ ಇರುವ ಸೀಮೆಯನ್ನು ಅದು ದಾಟಲಾರದು. ಅದರದೇ ಒಂದು ಕವಲು ನೊಣದೊಳಗೆ ಬೆಳೆಯಲು ಬೇಕಾದ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಕಳೆದುಕೊಂಡಿತು. ಕಳೆದುಕೊಂಡದ್ದೇ ಅದಕ್ಕೆ ಅನುಕೂಲವಾಯಿತು. ಯಾವ ಕಚ್ಚುವ ನೊಣವಾದರೂ ಸರಿ, ಬಾಯಿಗೆ ಅಂಟಿಕೊಂಡು ಹೋದರೆ ಸಾಕಾಯಿತು. ಹಾಗೆ ಅದು ಏಷ್ಯಾಕ್ಕೂ ದಕ್ಷಿಣ ಅಮೆರಿಕಕ್ಕೂ ಹಬ್ಬಿತು.

ಚಾಗಸ್‌ಗೂ ಸರ್ರಾಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ತಿಗಣೆಯೊಳಗೆ ಕ್ರೂಜಿ ದಿನಗಟ್ಟಲೆ ಬೆಳೆಯುತ್ತದೆ. ಇವಾನ್ಸಿ ನೊಣದ ಬಾಯಲ್ಲಿ ಉಳಿಯುವುದು ನಿಮಿಷಗಳ ಲೆಕ್ಕದಲ್ಲಿ. ದನಗಳ ಮೈಗೆ ಮುತ್ತುವ ತಬಾನಸ್ ಎಂಬ ದಪ್ಪ ನೊಣವನ್ನು ನೋಡಿ: ಅದು ಸೊಳ್ಳೆಯ ಹಾಗೆ ಮೆಲ್ಲಗೆ ಚುಚ್ಚುವುದಿಲ್ಲ, ಚರ್ಮವನ್ನು ಕೊಯ್ದು ಒಸರಿದ ರಕ್ತ ನೆಕ್ಕುತ್ತದೆ. ನೋವಿಗೆ ದನ ಬಾಲ ಬೀಸುತ್ತದೆ, ಮೈ ಅದುರಿಸುತ್ತದೆ. ಹೊಟ್ಟೆ ತುಂಬುವ ಮೊದಲೇ ಎದ್ದ ನೊಣ ಪಕ್ಕದ ದನದ ಮೇಲೆ ಕೂತು ಊಟ ಮುಂದುವರಿಸುತ್ತದೆ. ಮೊದಲ ದನದ ಹಸಿ ರಕ್ತ ಎರಡನೆಯದಕ್ಕೆ ದಾಟುವುದು ಆ ಕ್ಷಣದಲ್ಲಿ. ಕೊಟ್ಟಿಗೆಯ ಸಣ್ಣ ಕಚ್ಚುನೊಣಗಳೂ ಇದೇ ಕೆಲಸ ಮಾಡುತ್ತವೆ.

ಹಾಗಾಗಿ ಈ ರೋಗದಲ್ಲಿ ದೂರವೇ ದೊಡ್ಡ ಔಷಧ. ಪಕ್ಕದಲ್ಲಿ ಬೇರೆ ದನ ಇಲ್ಲದಿದ್ದರೆ, ಎದ್ದ ನೊಣ ಬಹುಪಾಲು ಅದೇ ದನದ ಮೇಲೆ ಮತ್ತೆ ಕೂರುತ್ತದೆ. ಕಾಯಿಲೆಯ ದನವನ್ನು ಉಳಿದವುಗಳಿಂದ ಐವತ್ತು ಮೀಟರ್ ಆಚೆ ಕಟ್ಟಿದರೂ ಸರಪಳಿ ಬಹಳಮಟ್ಟಿಗೆ ತುಂಡಾಗುತ್ತದೆ. ತಬಾನಸ್ ಮರಿಗಳು ಬೆಳೆಯುವುದು ಕೆರೆಯಂಚಿನ, ಹಳ್ಳದ ದಡದ ಒದ್ದೆ ಮಣ್ಣಿನಲ್ಲಿ. ಒಣ ಸೀಮೆ ಎನ್ನಿಸಿಕೊಂಡ ಪಾವಗಡ, ಶಿರಾದಲ್ಲೂ ಮಳೆ ಹಿಡಿದು ಕೆರೆಗೆ ನೀರು ಬಂದ ಮೇಲೆ ಇವು ಏಳುತ್ತವೆ. ಕೊರಟಗೆರೆಯ ಜಯಮಂಗಲಿ ಹೊಳೆಯ ಆಸುಪಾಸಿನಲ್ಲಂತೂ ಜೌಗು ಇದ್ದಷ್ಟು ದಿನ ನೊಣ ಇದ್ದೇ ಇರುತ್ತದೆ. ಕೊಟ್ಟಿಗೆ ನೊಣಕ್ಕೆ ಬೇಕಾದದ್ದು ಕೊಳೆತ ಹುಲ್ಲು, ಸಗಣಿ, ಗಂಜಲ ಬೆರೆತ ಕಸ. ಕೊಟ್ಟಿಗೆಗೆ ತಾಗಿಕೊಂಡೇ ತಿಪ್ಪೆ ಇದ್ದರೆ ನೊಣವನ್ನು ನಾವೇ ಸಾಕಿದ ಹಾಗೆ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವ ರೂಢಿ ಒಳ್ಳೆಯದೇ. ಆದರೆ ತಬಾನಸ್ ಕಚ್ಚುವುದು ಹಗಲು ಬಿಸಿಲಿನಲ್ಲಿ. ಮಟಮಟ ಮಧ್ಯಾಹ್ನ ದನಗಳನ್ನು ಕೆರೆಯಂಚಿನಲ್ಲಿ ಬಿಡದೆ ನೆರಳಿನಲ್ಲಿ ಕಟ್ಟುವುದರಿಂದ ಹೊಗೆಗಿಂತ ಹೆಚ್ಚು ಲಾಭ.

ನೊಣದ ಕೆಲಸವನ್ನು ಮನುಷ್ಯರೂ ಮಾಡುವುದುಂಟು. ಒಂದೇ ಸೂಜಿಯಲ್ಲಿ ಇಡೀ ಹಿಂಡಿಗೆ ಚುಚ್ಚಿದರೆ, ಸೂಜಿಯ ತುದಿಯ ರಕ್ತ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಪ್ರಾಣಿಗೊಂದು ಸೂಜಿ ಕೇಳುವ ಹಕ್ಕು ಸಾಕುವವರಿಗಿದೆ, ಕೇಳಬೇಕು.

ನಾಯಿಯ ವಿಷಯಕ್ಕೆ ಬರೋಣ. ಅದಕ್ಕೆ ನೊಣ ಕಚ್ಚಿಯೂ ಸರ್ರಾ ಬರುತ್ತದೆ, ಬಾಯಿಂದಲೂ ಬರುತ್ತದೆ. ರೋಗದಿಂದ ಆಗಷ್ಟೇ ಸತ್ತ ದನದ ಹಸಿ ಮಾಂಸ ತಿನ್ನುವಾಗ ಮೂಳೆ ಚುಚ್ಚಿ ಆದ ಬಾಯಿಯ ಗಾಯದ ಮೂಲಕ ಪರಾವಲಂಬಿ ಒಳಹೋಗುತ್ತದೆ. ಮಾಂಸಾಹಾರಿ ಪ್ರಾಣಿಗಳಿಗೆ ಇದೆಷ್ಟು ಕ್ರೂರ ಎಂಬುದನ್ನು ಒಡಿಶಾದ ನಂದನಕಾನನ ಮೃಗಾಲಯ ಕಂಡಿದೆ. 2000ದ ಜುಲೈನಲ್ಲಿ ಅಲ್ಲಿ 12 ಹುಲಿಗಳು ಈ ರೋಗಕ್ಕೆ ಬಲಿಯಾದವು. ನಮ್ಮಲ್ಲಿ ಸತ್ತ ದನವನ್ನು ಊರಾಚೆಯ ಹಳ್ಳಕ್ಕೆ ಎಳೆದುಹಾಕಿ ಬರುವ ಅಭ್ಯಾಸ ಇನ್ನೂ ಹೋಗಿಲ್ಲ. ಊರ ನಾಯಿಗಳಷ್ಟೇ ಅಲ್ಲ, ಕುರಿ ಹಿಂಡು ಕಾಯುವ ನಾಯಿಗಳೂ ಅಲ್ಲಿಗೆ ಹೋಗುತ್ತವೆ. ಪ್ರಾಣ ಹೋದ ಕೆಲವು ಗಂಟೆಗಳಲ್ಲಿ ಪರಾವಲಂಬಿಯೂ ಸಾಯುತ್ತದೆ. ಅಪಾಯ ಇರುವುದು ಬಿಸಿಯಾರದ ಹೆಣದಲ್ಲಿ. ಆದ್ದರಿಂದ ತಡಮಾಡದೆ ಆಳವಾಗಿ ಹೂಳಬೇಕು.

ದನ, ಎಮ್ಮೆಗಳಲ್ಲಿ ಸರ್ರಾ ಹಲವು ಸಲ ತಿಂಗಳುಗಟ್ಟಲೆ ಮುಚ್ಚಿಕೊಂಡಿರುತ್ತದೆ. ಹಾಲು ಇಳಿಯುತ್ತದೆ, ಮೈ ಸೊರಗುತ್ತದೆ, ಗಬ್ಬ ಹೋಗುತ್ತದೆ. ಮೇವು ಸಾಲದೆಂದು ನಾವು ಸುಮ್ಮನಾಗುತ್ತೇವೆ. ಕರು ಹಾಕಿದಾಗಲೋ, ದೂರ ಪ್ರಯಾಣ ಮಾಡಿಸಿದಾಗಲೋ ಒಮ್ಮೆಲೇ ಕೆರಳಿ, ದನ ಸುತ್ತು ಹೊಡೆಯುತ್ತ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಕುರಿ, ಮೇಕೆಗಳು ಸಾಮಾನ್ಯವಾಗಿ ಏನೂ ತೋರಿಸದೆ ಸೋಂಕು ಹೊತ್ತಿರಬಲ್ಲವು. ನಾಯಿ ಹಾಗಲ್ಲ. ಜ್ವರ ಬಂದು ಬಿಟ್ಟು ಮತ್ತೆ ಬರುತ್ತದೆ, ಕಾಲು ಮತ್ತು ಮುಖ ಬಾತುಕೊಳ್ಳುತ್ತವೆ, ಒಸಡು ಬಿಳಿಚುತ್ತದೆ, ಕಣ್ಣುಗುಡ್ಡೆಯ ಮೇಲೆ ನೀಲಿ ಬೆರೆತ ಬಿಳಿ ಪೊರೆ ಕವಿಯುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಕೆಲವೇ ವಾರಗಳಲ್ಲಿ ಸಾಯಬಹುದು. ಬಾಗಿಲಲ್ಲಿ ಮಲಗಿದ ನಾಯಿಯ ಕಣ್ಣು ಹೀಗಾದರೆ ವಯಸ್ಸಾಯಿತೆಂದು ಬಿಡಬಾರದು. ಕೊಟ್ಟಿಗೆಯಲ್ಲಿ ಅಡಗಿರುವ ರೋಗವನ್ನು ಅದು ಮೊದಲೇ ಹೇಳುತ್ತಿರಬಹುದು ಎಂಬುದು ನನ್ನ ನಂಬಿಕೆ. ಒಂದು ಎಚ್ಚರ ಮಾತ್ರ ಇರಲಿ: ಸುತ್ತುವ ದನ, ಜೊಲ್ಲು ಸುರಿಸುವ ನಾಯಿಗೆ ರೇಬೀಸ್ ಕೂಡ ಆಗಿರಬಹುದು. ಪಶುವೈದ್ಯರು ನೋಡುವವರೆಗೆ ಬಾಯಿಗೆ ಕೈ ಹಾಕಬೇಡಿ.

ಜ್ವರ ಬಂದು ಬಂದು ಹೋಗುವುದಕ್ಕೆ ಕಾರಣವಿದೆ. ಪರಾವಲಂಬಿಯ ಮೈಮೇಲೆ ಪ್ರೋಟೀನಿನ ಒಂದು ಹೊದಿಕೆ. ರೋಗನಿರೋಧಕ ಶಕ್ತಿ ಅದನ್ನು ಗುರುತಿಸಿ ಕೊಲ್ಲತೊಡಗುವಷ್ಟರಲ್ಲಿ, ವೇಷ ಬದಲಿಸಿದ ಬಹುರೂಪಿಯಂತೆ ಕೆಲವು ಬೇರೆ ಹೊದಿಕೆ ತೊಟ್ಟು ಉಳಿದುಕೊಂಡು ಮತ್ತೆ ಹೆಚ್ಚುತ್ತವೆ. ಲಸಿಕೆ ಇನ್ನೂ ಸಾಧ್ಯವಾಗದಿರುವುದು ಇದಕ್ಕೇ. ಜ್ವರ ಇಳಿದ ದಿನ ತೆಗೆದ ರಕ್ತದಲ್ಲಿ ಪರಾವಲಂಬಿ ಕಾಣದಿರುವುದೂ ಇದಕ್ಕೇ. ಜ್ವರ ಏರಿದ ಹೊತ್ತಿನಲ್ಲೇ ಪಶು ಆಸ್ಪತ್ರೆಗೆ ಒಯ್ಯಬೇಕು. ಆಗದಿದ್ದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ಕೇಳಬಹುದು. ಡೈಮಿನಜೀನ್, ಕ್ವಿನಾಪಿರಮೈನ್, ಐಸೊಮೆಟಮಿಡಿಯಂ ಎಂಬ ಔಷಧಗಳಿವೆ. ಇವನ್ನು ಅಂಗಡಿಯಿಂದ ತಂದು ತಾವೇ ಚುಚ್ಚುವುದು ಅಪಾಯ. ಪ್ರಮಾಣ ಕಡಿಮೆಯಾದರೆ ಪರಾವಲಂಬಿ ಔಷಧಕ್ಕೆ ಜಗ್ಗದಂತಾಗುತ್ತದೆ, ಹೆಚ್ಚಾದರೆ, ಅದರಲ್ಲೂ ನಾಯಿಗೆ ಡೈಮಿನಜೀನ್ ಹೆಚ್ಚಾದರೆ, ಔಷಧವೇ ಕೊಲ್ಲುತ್ತದೆ. ಸಿದ್ಧಗಂಗೆಯ ದನಗಳ ಜಾತ್ರೆಯಿಂದಲೋ ಸಂತೆಯಿಂದಲೋ ತಂದ ಹೊಸ ದನವನ್ನು ಎರಡು ಮೂರು ವಾರ ಬೇರೆಯಾಗಿ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ ಆಮೇಲೆ ಗುಂಪಿಗೆ ಸೇರಿಸುವುದು ಲೇಸು.

ಇನ್ನು ಮನುಷ್ಯ. ನಮ್ಮ ರಕ್ತದಲ್ಲಿ ಎಪಿಒಎಲ್1 ಎಂಬ ಪ್ರೋಟೀನ್ ಇದೆ. ಅದು ಇವಾನ್ಸಿಯನ್ನು ಒಡೆದು ಕೊಲ್ಲುತ್ತದೆ. ದನಗಳ ನಡುವೆಯೇ ಬದುಕುವ ಲಕ್ಷಾಂತರ ಜನರಿಗೆ ಸರ್ರಾ ಬಾರದಿರುವುದು ಅದರ ದಯೆಯಿಂದ. ಆದರೆ 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತನಿಗೆ ತಿಂಗಳುಗಟ್ಟಲೆ ಜ್ವರ ಬಂದು ಬಂದು ಹೋಯಿತು. ರಕ್ತದಲ್ಲಿ ಸಿಕ್ಕದ್ದು ಇವಾನ್ಸಿ. ಆತನ ದೇಹದಲ್ಲಿ ಹುಟ್ಟಿನಿಂದಲೇ ಆ ಪ್ರೋಟೀನ್ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಸುರಾಮಿನ್ ಎಂಬ ಔಷಧದಿಂದ ಆತ ಗುಣವಾದ. ಅದಾದ ಕೆಲವು ವರ್ಷಗಳಿಗೆ ವಿಯೆಟ್ನಾಂನ ಮಹಿಳೆಯೊಬ್ಬರಿಗೂ ಈ ರೋಗ ಬಂದಿತು; ಅವರಲ್ಲಿ ಪ್ರೋಟೀನ್ ಸರಿಯಾಗಿಯೇ ಇತ್ತು. ಹಸಿ ಮಾಂಸ ಕತ್ತರಿಸುವಾಗ ಕೈಗಾಯದಿಂದ ಒಳಹೋಗಿರಬೇಕೆಂದು ವೈದ್ಯರು ಊಹಿಸಿದರು. ಇಂಥವು ಅಪರೂಪದಲ್ಲಿ ಅಪರೂಪ. ಹಾಲು ಕಾಯಿಸಿ ಕುಡಿಯುವುದಕ್ಕೆ, ಮಾಂಸ ಬೇಯಿಸಿ ತಿನ್ನುವುದಕ್ಕೆ ಯಾವ ಅಂಜಿಕೆಯೂ ಬೇಕಿಲ್ಲ. ಚರ್ಮ ಸುಲಿಯುವವರು, ಮಾಂಸ ಕಡಿಯುವವರು, ದನಗಳಿಗೆ ಹೆರಿಗೆ ಮಾಡಿಸುವವರು ಮಾತ್ರ ಕೈಯ ಗಾಯ ಮುಚ್ಚಿಕೊಂಡು ಕೆಲಸಕ್ಕಿಳಿಯಬೇಕು. ಮಲೇರಿಯಾ, ಟೈಫಾಯಿಡ್ ಪರೀಕ್ಷೆಗಳಲ್ಲಿ ಏನೂ ಸಿಗದೆ ಜ್ವರ ಮರುಕಳಿಸುತ್ತಿದ್ದರೆ, ಕೊಟ್ಟಿಗೆಯಲ್ಲಿ ಯಾವ ದನ ಕಾಯಿಲೆ ಬಿದ್ದಿತ್ತು, ಮನೆಯ ನಾಯಿ ಹೇಗಿದೆ ಎಂಬುದನ್ನೂ ವೈದ್ಯರಿಗೆ ಹೇಳಿ, ಜ್ವರ ಇರುವಾಗಲೇ ರಕ್ತದ ಸ್ಲೈಡ್ ನೋಡಲು ಕೇಳಿಕೊಳ್ಳಬೇಕು.